ಕಾಲುವೆ ಹೆಪ್ಪುಗಟ್ಟಿದರೆ ಮಾತ್ರ ಹೊತ್ತುವ ಒಲೆ

ನೆದರ್ಲ್ಯಾಂಡ್ಸ್‌ಗೆ ಹೊರಟವರು ಅಲ್ಲಿ ಏನೇನು ತಿನ್ನಬೇಕು ಎಂದು ಕೇಳಿದರೆ ಹೇಳುವವರಿಗೆ ಬರವಿಲ್ಲ. ಗೌಡಾ ಊರಿನ ಸಂತೆಯಲ್ಲಿ ಎರಡು ತೆಳ್ಳನೆಯ ವೇಫರ್‌ಗಳ ನಡುವೆ ಬಿಸಿ ಪಾಕ ಸವರಿಕೊಡುವ ಸ್ಟ್ರೋಪ್‌ವಾಫಲ್. ಜೂನ್ ತಿಂಗಳಲ್ಲಿ ಬರುವ ಹೊಸ ಹೆರಿಂಗ್ ಮೀನು, ಜೊತೆಗೆ ಹೆಚ್ಚಿದ ಈರುಳ್ಳಿ. ಬೆಣ್ಣೆ ಹಾಕಿ, ಸಕ್ಕರೆ ಪುಡಿ ಉದುರಿಸಿದ ಪುಟಾಣಿ ಪೊಫರ್ಚೆ. ಗೋಡೆಯ ಗಾಜಿನ ಗೂಡಿಗೆ ದುಡ್ಡು ಹಾಕಿ, ಬಾಗಿಲು ತೆರೆದು ತೆಗೆದುಕೊಳ್ಳುವ ಕ್ರೊಕೆಟ್. ಕಾಗದದ ಪೊಟ್ಟಣ ತುಂಬ ಮೇಯನೇಸ್ ಸುರಿದ ಆಲೂಗಡ್ಡೆ. ಎಲ್ಲವೂ ರುಚಿಯೇ, ಎಲ್ಲವನ್ನೂ ತಿನ್ನಿ. ಇವತ್ತು ತಪ್ಪಿದರೆ ನಾಳೆ ಸಿಗುತ್ತವೆ, ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಇದ್ದೇ ಇರುತ್ತವೆ.

ಆದರೆ ಆ ದೇಶದ ಒಂದು ತಿಂಡಿ ಅಂಗಡಿ ಇಂಥ ಯಾವ ಪಟ್ಟಿಗೂ ಸೇರುವುದಿಲ್ಲ. ಅದಕ್ಕೆ ವಿಳಾಸವಿಲ್ಲ, ವೇಳಾಪಟ್ಟಿಯಿಲ್ಲ, ಎಷ್ಟೋ ಕಡೆ ಒಬ್ಬ ಮಾಲೀಕನೂ ಇಲ್ಲ. ಊರಿನ ಕಾಲುವೆಯೋ ಕೆರೆಯೋ ಹೆಪ್ಪುಗಟ್ಟಿ ಜನರ ಭಾರ ಹೊರುವಷ್ಟು ಗಟ್ಟಿಯಾದಾಗ ಅದು ಹುಟ್ಟಿಕೊಳ್ಳುತ್ತದೆ, ಮಂಜುಗಡ್ಡೆ ಕರಗುವ ಮುನ್ನ ಗಂಟುಮೂಟೆ ಕಟ್ಟುತ್ತದೆ. ಡಚ್ಚರು ಅದನ್ನು ಕೂಕ್-ಎನ್-ಝೋಪಿ ಎನ್ನುತ್ತಾರೆ. ಕೂಕ್ ಎಂದರೆ ಮಸಾಲೆ ಹಾಕಿದ ಕೇಕು, ಝೋಪಿ ಎಂದರೆ ಹಿಂದಿನ ಕಾಲದವರು ಚಳಿಗೆ ಕುಡಿಯುತ್ತಿದ್ದ ಬಿಸಿ ಪಾನೀಯ. ನಾನು ಬರೆಯಹೊರಟಿರುವುದು ಈ ಅಂಗಡಿಯ ಬಗ್ಗೆ. ಅದು ಮುಚ್ಚಿಹೋಗುತ್ತಿದೆ. ಗಿರಾಕಿಗಳಿಲ್ಲ ಎಂದಲ್ಲ, ಬಾಡಿಗೆ ಹೆಚ್ಚಾಯಿತು ಎಂದೂ ಅಲ್ಲ. ಅದು ನಿಲ್ಲುವ ನೆಲವೇ ಈಗ ಹೆಪ್ಪುಗಟ್ಟುತ್ತಿಲ್ಲ.

ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ ಅದು ತಿಥಿಯಿಲ್ಲದ ಜಾತ್ರೆ. ಜಾತ್ರೆಗಾದರೆ ಪಂಚಾಂಗ ನೋಡಿ ಬೆಂಡು ಬತ್ತಾಸಿನವರು ಮೊದಲೇ ಬಂದು ಜಾಗ ಹಿಡಿಯುತ್ತಾರೆ. ಇಲ್ಲಿ ಯಾವ ಪಂಚಾಂಗವೂ ಹೇಳುವುದಿಲ್ಲ. ಡಿಸೆಂಬರ್ ಬಂತೆಂದರೆ ಸ್ಕೇಟಿಂಗ್ ನೋಡಿಕೊಳ್ಳುವ ಹಳ್ಳಿಯ ಐಸ್ ಕ್ಲಬ್ಬಿನ ಹಿರಿಯರು ದಿನವೂ ಬೆಳಿಗ್ಗೆ ಎದ್ದು ಆಕಾಶ ನೋಡುತ್ತಾರೆ. ಪೂರ್ವದಿಂದ ಒಣ ಗಾಳಿ ಬಂದರೆ ಕಣ್ಣು ಅರಳುತ್ತದೆ, ಪಶ್ಚಿಮದಿಂದ ಕಡಲ ಗಾಳಿ ತಿರುಗಿತೆಂದರೆ ಮುಖ ಬಾಡುತ್ತದೆ.

ನೀರು ಹೆಪ್ಪುಗಟ್ಟುವುದು ಒಂದು ರಾತ್ರಿಯ ಕೆಲಸವಲ್ಲ. ಮೊದಲು ತಳದವರೆಗೆ ನೀರೆಲ್ಲ ನಾಲ್ಕು ಡಿಗ್ರಿಗೆ ಇಳಿಯಬೇಕು, ಆಮೇಲಷ್ಟೇ ಮೇಲ್ಪದರ ಮತ್ತಷ್ಟು ತಣಿದು ಗಟ್ಟಿಯಾಗಲು ತೊಡಗುತ್ತದೆ. ಹಾಗಾಗಿ ಗದ್ದೆ ಬದಿಯ ಆಳವಿಲ್ಲದ ತೋಡುಗಳು ಮೊದಲು ಕಟ್ಟುತ್ತವೆ, ಆಮೇಲೆ ಕೆರೆಗಳು, ಕೊನೆಗೆ ದೋಣಿ ಓಡಾಡುವ ದೊಡ್ಡ ಕಾಲುವೆಗಳು. ಗಾಳಿ ಜೋರಾದರೆ ನೀರು ಕಲಕಿ ಕಟ್ಟಿದ್ದೂ ಒಡೆಯುತ್ತದೆ. ಹಿಮ ಬಿದ್ದರೆ ಇನ್ನೂ ಕಷ್ಟ, ಅದು ಮಂಜುಗಡ್ಡೆಗೆ ಕಂಬಳಿ ಹೊದಿಸಿ ಬೆಚ್ಚಗಿಟ್ಟುಬಿಡುತ್ತದೆ. ಹಿಮ ಸುರಿಯುವ ಮೊದಲೇ ಗಾಳಿಯಿಲ್ಲದ ನಾಲ್ಕಾರು ರಾತ್ರಿ ಶೂನ್ಯಕ್ಕಿಂತ ಚೆನ್ನಾಗಿ ಕೆಳಗಿಳಿದರೆ ಸಿಗುವುದು ಕಪ್ಪು ಐಸು: ಕಾಲ ಕೆಳಗೆ ಕೆರೆಯ ತಳದ ಪಾಚಿ ಕಾಣುವಷ್ಟು ತಿಳಿಯಾದದ್ದು, ಗಟ್ಟಿಯಾದದ್ದು. ಕ್ಲಬ್ಬಿನವರು ಅಲ್ಲಲ್ಲಿ ತೂತು ಕೊರೆದು ಕೋಲು ಇಳಿಸಿ ದಪ್ಪ ಅಳೆಯುತ್ತಾರೆ. ಸೇತುವೆಯ ಕೆಳಗೆ, ಬಾತುಕೋಳಿಗಳು ಈಜುತ್ತ ನೀರು ಕಟ್ಟದಂತೆ ಮಾಡಿದ ಕಡೆಗಳಲ್ಲಿ ಎಚ್ಚರಿಕೆಯ ಗೂಟ ನೆಡುತ್ತಾರೆ. ಅಷ್ಟಾದ ಮೇಲೆ ಊರಿಗೆ ಸುದ್ದಿ ಹಬ್ಬುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಲೆ ಹೊತ್ತಿರುತ್ತದೆ.

2012ರ ಫೆಬ್ರವರಿ ಮೊದಲ ವಾರ ಅಂಥದ್ದು. ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ತ್ ಕಾಲುವೆಯ ಮೇಲೆ, ಬೇರೆ ದಿನಗಳಲ್ಲಿ ಪ್ರವಾಸಿ ದೋಣಿಗಳು ಸಾಗುವ ಜಾಗದಲ್ಲಿ, ಜನ ಸ್ಕೇಟ್ ಮಾಡಿದ ವಾರ. ನಾನು ನಗರ ಬಿಟ್ಟು ಉತ್ತರದ ಹಳ್ಳಿಯೊಂದರ ಕೆರೆಗೆ ಹೋಗಿದ್ದೆ. ದಡದಿಂದ ಐಸಿನ ಮೇಲಕ್ಕೆ ಹಳೆಯ ರತ್ನಗಂಬಳಿ ಹಾಸಿದ್ದರು, ಸ್ಕೇಟಿನ ಅಲಗು ಹಾಳಾಗಬಾರದೆಂದು. ಅದರ ತುದಿಯಲ್ಲಿ ಮರದ ಹಲಗೆಗಳ ಅಟ್ಟ, ಮೂರು ಕಡೆ ಟಾರ್ಪಾಲು, ಗ್ಯಾಸ್ ಒಲೆ, ಮದುವೆ ಮನೆಗಾಗುವಷ್ಟು ದೊಡ್ಡ ಎರಡು ಪಾತ್ರೆ. ಪಕ್ಕದಲ್ಲಿ ಉದ್ದದ ಬೆಂಚು. ಅದರ ಮೇಲೆ ಕೂತು ಒಬ್ಬ ಅಜ್ಜ ಮೊಮ್ಮಗಳ ಸ್ಕೇಟಿನ ದಾರ ಕಟ್ಟುತ್ತಿದ್ದ. ಕೈಗವಸು ಹಲ್ಲಲ್ಲಿ ಕಚ್ಚಿಕೊಂಡು, ಬರಿ ಬೆರಳಲ್ಲಿ ದಾರ ಎಳೆದು, ಮತ್ತೊಮ್ಮೆ ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದ. ದಾರ ಸಡಿಲವಾದರೆ ಕಣಕಾಲು ತಿರುಚುತ್ತದೆ ಎಂದು ಹುಡುಗಿಗೆ ಹೇಳಿ, ಅವಳ ಕೈಗೆ ಅಡುಗೆಮನೆಯಿಂದ ತಂದ ಮರದ ಕುರ್ಚಿ ಕೊಟ್ಟ. ಅಲ್ಲಿ ಮಕ್ಕಳು ಸ್ಕೇಟಿಂಗ್ ಕಲಿಯುವುದೇ ಹಾಗೆ. ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ತಳ್ಳುತ್ತ, ಬೀಳುತ್ತ, ಎದ್ದು ಮತ್ತೆ ಹಿಡಿಯುತ್ತ. ಕೆರೆಯ ತುಂಬ ಕುರ್ಚಿಗಳಿದ್ದವು.

ಒಂದು ಪಾತ್ರೆಯಲ್ಲಿ ಸ್ನರ್ಟ್ ಇತ್ತು. ಒಣ ಹಸಿರು ಬಟಾಣಿ ಬೇಳೆ, ಸೆಲೆರಿಯಾಕ್ ಗೆಡ್ಡೆ, ಲೀಕ್, ಕ್ಯಾರೆಟ್, ಆಲೂಗಡ್ಡೆ, ಹಂದಿಯ ಮೂಳೆ ಮಾಂಸ, ಎಲ್ಲವನ್ನೂ ಗಂಟೆಗಟ್ಟಲೆ ಬೇಯಿಸಿ ಕರಗಿಸಿದ ದಪ್ಪ ಸೂಪು. ಕೊನೆಯಲ್ಲಿ ಹೊಗೆ ಹಿಡಿಸಿದ ರೂಕ್‌ವೋರ್ಸ್ಟ್ ಸಾಸೇಜನ್ನು ಬಿಲ್ಲೆಗಳಾಗಿ ಕತ್ತರಿಸಿ ಹಾಕುತ್ತಾರೆ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲಬೇಕು, ಹಾಗಿದ್ದರೆ ಅದು ಸ್ನರ್ಟ್ ಎನ್ನುವುದು ಅಲ್ಲಿನ ಮನೆಮನೆಯ ಮಾತು. ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ ಹೆಚ್ಚು. ಜೊತೆಗೆ ಕಪ್ಪಗಿನ, ತೇವವಾದ, ಹುಳಿಮಿಶ್ರಿತ ಸಿಹಿಯ ರೈ ಬ್ರೆಡ್ಡು, ಅದರ ಮೇಲೆ ತೆಳ್ಳಗೆ ಸೀಳಿದ ಹಂದಿ ಕೊಬ್ಬು. ಮಾಂಸ ತಿನ್ನದವರಿಗೆ ಅಲ್ಲಿ ಸಿಗುವುದು ಕೇಕು, ಬಿಸಿ ಚಾಕೊಲೇಟ್ ಹಾಲು, ಮತ್ತು ಹಳಬರ ಅಂಗಡಿಯಾದರೆ ಸೋಂಪಿನ ಹಾಲು.

ಸೋಂಪಿನ ಹಾಲಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಕಳೆದುಹೋಗುವುದರಲ್ಲಿ ಅದು ಮುಂದಿದೆ. ಸೋಂಪನ್ನು ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಾಲಿಗೆ ಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿ, ಸಕ್ಕರೆ ಬೆರೆಸಿ, ಗಂಟು ಹಿಂಡಿ ತೆಗೆಯುತ್ತಾರೆ. ಅಷ್ಟೇ. ಅಂದು ಆ ಪಾತ್ರೆಯ ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸು ಸೌಟಿನಿಂದ ಹಾಲೆತ್ತಿ ಲೋಟಕ್ಕೆ ಸುರಿಯುವಾಗ ಎದ್ದ ಆವಿ ಅವಳ ಕನ್ನಡಕಕ್ಕೆ ಮಂಜು ಕಟ್ಟಿಸಿತು. ಒರೆಸಿಕೊಳ್ಳದೆ, ಅಳತೆ ತಪ್ಪದೆ ಲೋಟ ತುಂಬಿದಳು. ಲೋಟ ಹಿಡಿದ ಕೈಗೆ ಮೊದಲು ಜೀವ ಬಂತು, ಆಮೇಲೆ ಮೂಗಿಗೆ ಪರಿಮಳ, ಆಮೇಲೆ ಗಂಟಲಿಗೆ ಬಿಸಿ. ಸೋಂಪು ಅವರಿಗೆ ಬಹಳ ಹತ್ತಿರದ ವಸ್ತು. ಮಗು ಹುಟ್ಟಿದರೆ ನೋಡಲು ಬಂದವರಿಗೆ ಗರಿಗರಿ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಲೇಪದ ಸೋಂಪಿನ ಕಾಳು ಉದುರಿಸಿ ಕೊಡುವುದು ಇಂದಿಗೂ ನಡೆದುಬಂದಿದೆ. ಆ ಪದ್ಧತಿ ಉಳಿಯುತ್ತದೆ, ಏಕೆಂದರೆ ಮಕ್ಕಳು ಹುಟ್ಟುತ್ತಲೇ ಇರುತ್ತವೆ. ಸೋಂಪಿನ ಹಾಲಿಗೆ ಮಾತ್ರ ಚಳಿ ಬೇಕು. ಈಗಿನ ಮಕ್ಕಳು ಚಾಕೊಲೇಟ್ ಹಾಲನ್ನು ಬಾಟಲಿಯಲ್ಲೇ ಕಂಡು ಬೆಳೆದವರು, ಅದನ್ನೇ ಕೇಳುತ್ತಾರೆ.

ಈ ಅಂಗಡಿಯ ವಯಸ್ಸು ತಿಳಿಯಬೇಕಾದರೆ ಚಿತ್ರಗಳನ್ನು ನೋಡಬೇಕು. ಹೆಂಡ್ರಿಕ್ ಆವರ್ಕಾಂಪ್ ಎಂಬ ಕಲಾವಿದ 1585ರಲ್ಲಿ ಹುಟ್ಟಿ 1634ರಲ್ಲಿ ತೀರಿಕೊಂಡ. ಮಾತು ಬಾರದ ಅವನನ್ನು ಜನ ಕಾಂಪನ್ ಊರಿನ ಮೂಗ ಎಂದು ಕರೆಯುತ್ತಿದ್ದರು. ಅವನು ಬಾಳಿದ್ದು ಯೂರೋಪು ಚಳಿಯಲ್ಲಿ ನಡುಗುತ್ತಿದ್ದ ಶತಮಾನಗಳಲ್ಲಿ. ಜೀವನವಿಡೀ ಬಿಡಿಸಿದ್ದು ಹೆಚ್ಚಾಗಿ ಹೆಪ್ಪುಗಟ್ಟಿದ ನೀರನ್ನೇ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ, 1608ರ ಆಸುಪಾಸಿನ ಅವನ ಚಿತ್ರದ ಮುಂದೆ ಹೊತ್ತು ಕಳೆಯದೆ ಹೊರಬರಬೇಡಿ. ರೇಷ್ಮೆ ಉಟ್ಟವರು, ಹರಕು ಉಟ್ಟವರು, ಬಿದ್ದವರು, ಬಿದ್ದವರನ್ನು ಎತ್ತುವವರು, ಎಲ್ಲರೂ ಒಂದೇ ಐಸಿನ ಮೇಲೆ. ಆ ಶತಮಾನದ ಇಂಥ ಚಿತ್ರಗಳನ್ನು ಹುಡುಕುತ್ತ ಹೋದರೆ ಐಸಿನ ಮೇಲೆ ಬಾವುಟ ಹಾರಿಸಿದ ಡೇರೆಯೊಂದು ಮತ್ತೆ ಮತ್ತೆ ಕಾಣಿಸುತ್ತದೆ. ಅದೇ ನಮ್ಮ ಅಂಗಡಿ. ದೂರದಿಂದ ಸ್ಕೇಟ್ ಮಾಡಿಕೊಂಡು ಬರುವವರಿಗೆ ಕೇಕು, ಝೋಪಿ ಎಲ್ಲಿ ಸಿಗುತ್ತದೆಂದು ಬಾವುಟ ಹೇಳುತ್ತಿತ್ತು.

ಬಿಸಿ ಬಿಯರಿಗೆ ಮೊಟ್ಟೆ, ರಮ್ಮು, ದಾಲ್ಚಿನ್ನಿ, ಲವಂಗ ಬೆರೆಸಿದ್ದು ಝೋಪಿ. ಈಗ ಅದನ್ನು ಮಾಡುವವರು ಬಹುಮಟ್ಟಿಗೆ ಇಲ್ಲ. ಹೆಸರು ಫಲಕದ ಮೇಲೆ ಉಳಿದಿದೆ, ಪಾತ್ರೆಯಲ್ಲಿ ಇಲ್ಲ. 1828ರಲ್ಲಿ ವಾನ್ ಹೌಟನ್ ಕುಟುಂಬ ಕೋಕೊ ಬೀಜದ ಕೊಬ್ಬು ಹಿಂಡಿ ಪುಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಆ ಪುಡಿ ಅಗ್ಗವಾಗುತ್ತ ಬಂದಂತೆ ಚಾಕೊಲೇಟ್ ಹಾಲು ಝೋಪಿಯ ಜಾಗಕ್ಕೆ ಬಂದು ಕೂತಿತು. ಸ್ನರ್ಟ್ ಕೂಡ ನಂತರ ಸೇರಿಕೊಂಡದ್ದೇ. ಕೇಕು ಮಾತ್ರ ಅದೇ ವಂಶದ್ದು: ರೈ ಹಿಟ್ಟು, ಜೇನು, ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿ. ಬೆಣ್ಣೆ ಎಣ್ಣೆ ಇಲ್ಲದ್ದರಿಂದ ವಾರಗಟ್ಟಲೆ ಕೆಡದು, ಚಳಿಯಲ್ಲಿ ಕಲ್ಲಾಗದು. ಡೆವೆಂಟರ್ ಊರು ಶತಮಾನಗಳಿಂದ ಈ ಕೇಕಿಗೆ ಹೆಸರುವಾಸಿ.

ಆ ಮಸಾಲೆ ಬಂದ ದಾರಿಯನ್ನು ಮರೆತು ಕೇಕನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ಡಚ್ ಗವರ್ನರ್ ಜನರಲ್ ಜಾಯಿಕಾಯಿ ಬೆಳೆಯುವ ಬಾಂಡಾ ದ್ವೀಪಗಳ ಜನರನ್ನು ಕೊಂದು, ಓಡಿಸಿ, ಗುಲಾಮರನ್ನಾಗಿ ಮಾಡಿ ಆ ವ್ಯಾಪಾರವನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಕೊಟ್ಟ. ಐಸಿನ ಮೇಲೆ ಹಂಚಿ ತಿಂದ ಆ ಕಾಲದ ಕೇಕಿನಲ್ಲಿ ಆ ದ್ವೀಪಗಳ ಕಣ್ಣೀರೂ ಇತ್ತು. ನಮ್ಮ ಕರಾವಳಿಯೂ ಆ ವ್ಯಾಪಾರದ ಜಾಲದಲ್ಲೇ ಇತ್ತು. ಅದೇ ಶತಮಾನದಲ್ಲಿ ಅದೇ ಕಂಪನಿ ಕೆಳದಿ ನಾಯಕರ ಸೀಮೆಯ ಬಸರೂರಿನಲ್ಲಿ ಕೋಠಿ ತೆರೆದು ಅಕ್ಕಿ, ಮೆಣಸು ಕೊಳ್ಳುತ್ತಿತ್ತು. ಬಸರೂರಿನ ಬಂದರಿನಿಂದ ಹೊರಟ ಮೆಣಸಿನ ಕಾಳು ಯಾವುದೋ ಡಚ್ ಅಡುಗೆಮನೆಯ ಒರಳಿಗೆ ಬಿದ್ದಿದ್ದರೂ ಬಿದ್ದಿರಬಹುದು.

ಅಂಗಡಿ ಇಡುತ್ತಿದ್ದವರು ಯಾರು ಎನ್ನುವುದು ನನಗೆ ಮುಖ್ಯ. ಕಾಲುವೆ ಕಟ್ಟಿದರೆ ಉಳ್ಳವರಿಗೆ ಆಟ, ಇಲ್ಲದವರಿಗೆ ಹಸಿವು. ದೋಣಿ ನಡೆಸುವವನ ಕೆಲಸ ನಿಂತಿತು, ನೆಲ ಅಗೆಯುವವನ ಗುದ್ದಲಿ ಇಳಿಯದು, ಮೀನುಗಾರನ ಬಲೆ ಮೂಲೆ ಸೇರಿತು. ಅಂಥವರು ಪೊರಕೆ ಹಿಡಿದು ಐಸಿನ ಮೇಲೆ ಬಿದ್ದ ಹಿಮ ಗುಡಿಸಿ ದಾರಿ ಮಾಡಿಕೊಡುತ್ತಿದ್ದರು. ಹಾದುಹೋಗುವವರು ಎಸೆದ ಚಿಲ್ಲರೆಯೇ ಅವರ ಅಂದಿನ ಕೂಲಿ. ಕೆಲವರು ಹಲಗೆ ಹಾಕಿ ಒಲೆ ಹಚ್ಚಿ ಕೂಕ್-ಎನ್-ಝೋಪಿ ಇಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿ ಹಳ್ಳಿಯಲ್ಲಿ ಐಸ್ ಕ್ಲಬ್ಬುಗಳು ಹುಟ್ಟಿದಾಗ ಎಷ್ಟೋ ಕಡೆ ಇಂಥವರಿಗೆ ಚಳಿಗಾಲದ ಕೆಲಸ ಕೊಡುವುದೂ ಕ್ಲಬ್ಬಿನ ಉದ್ದೇಶವಾಗಿತ್ತು. ಬಡವರಿಗೆಂದೇ ಓಟದ ಸ್ಪರ್ಧೆ ಇಡುತ್ತಿದ್ದರು, ಗೆದ್ದವನಿಗೆ ಹಂದಿಮಾಂಸ, ಬೀನ್ಸ್ ಕಾಳು, ಬ್ರೆಡ್ಡು. ಪದಕ ತಿಂದು ಬದುಕಲಾಗದು ಎಂದು ತಿಳಿದವರು ಮಾಡಿದ ಏರ್ಪಾಡದು. ಇಂದಿಗೂ ಹಳ್ಳಿಯ ಕೆರೆಗಳಲ್ಲಿ ಗುಡಿಸುವವರ ಪಕ್ಕ ಒಂದು ಡಬ್ಬಿ ಇಟ್ಟಿರುತ್ತಾರೆ. ಈಗ ಆ ದುಡ್ಡು ಕ್ಲಬ್ಬಿಗೆ ಸೇರುತ್ತದೆ. ಡಬ್ಬಿಗೆ ಕಾಸು ಹಾಕದೆ ಮುಂದೆ ಹೋಗುವುದು ಮರ್ಯಾದೆಯಲ್ಲ.

ಇದೆಲ್ಲದರ ಶಿಖರ ಫ್ರೀಸ್‌ಲಾಂಡ್ ಪ್ರಾಂತ್ಯದ ಎಲ್ಫ್‌ಸ್ಟೇಡನ್‌ಟೊಖ್ತ್, ಹನ್ನೊಂದು ಊರುಗಳ ಸ್ಕೇಟಿಂಗ್ ಪಯಣ. ಲೇವಾರ್ಡನ್‌ನಲ್ಲಿ ನಸುಕಿಗೂ ಮುನ್ನ ಹೊರಟು ಸ್ನೇಕ್, ಸ್ಲೋಟನ್, ಸ್ಟಾವೊರನ್, ಹಾರ್ಲಿಂಗನ್, ಡೊಕ್ಕಮ್ ಎಂದು ಸುತ್ತಿ ಮತ್ತೆ ಲೇವಾರ್ಡನ್‌ಗೇ ಬರುವ ಸುಮಾರು 200 ಕಿಲೋಮೀಟರ್ ದಾರಿ. 1909ರಲ್ಲಿ ಶುರುವಾದದ್ದು. 1963ರ ಜನವರಿ 18ರಂದು ಸುಮಾರು 10,000 ಜನ ಹೊರಟರು. ಕೊರೆಯುವ ಚಳಿ, ಹಿಮದ ಬಿರುಗಾಳಿ. ಸ್ಪರ್ಧಿಗಳನ್ನು ಬಿಟ್ಟು ಸಾಮಾನ್ಯ ಸ್ಕೇಟರ್‌ಗಳಲ್ಲಿ ಗುರಿ ಮುಟ್ಟಿದವರು 69. 1986ರಲ್ಲಿ ಈಗಿನ ದೊರೆ ವಿಲ್ಲೆಮ್-ಅಲೆಕ್ಸಾಂಡರ್ ಯುವರಾಜನಾಗಿದ್ದಾಗ ಡಬ್ಲ್ಯು. ಎ. ವಾನ್ ಬ್ಯೂರನ್ ಎಂಬ ಹೆಸರಿನಲ್ಲಿ ನೋಂದಾಯಿಸಿ ಎಲ್ಲರ ಜೊತೆ ಸ್ಕೇಟ್ ಮಾಡಿದ. 1985, 1986 ಎರಡೂ ಸಲ ಗೆದ್ದ ಎವರ್ಟ್ ವಾನ್ ಬೆಂಥೆಮ್ ಹಸು ಸಾಕುವ ರೈತ. 1997ರ ಜನವರಿ 4ರಂದು ಗೆದ್ದ ಹೆಂಕ್ ಆಂಗೆನೆಂಟ್ ಬ್ರಸೆಲ್ಸ್ ಸ್ಪ್ರೌಟ್ಸ್ ಬೆಳೆಯುತ್ತಿದ್ದವನು.

ಇಂಥ ದಿನ ದಾರಿಯುದ್ದಕ್ಕೂ ಕೂಕ್-ಎನ್-ಝೋಪಿ. ಐಸ್ ತೆಳುವಾಗಿರುವ ಕಡೆ ಸ್ಕೇಟ್ ಬಿಚ್ಚದೆ ದಡದ ಮೇಲೆ ಹಾಸಿದ ಚಾಪೆಯಲ್ಲಿ ಕುಂಟುತ್ತ ನಡೆಯಬೇಕು. ಅಲ್ಲೆಲ್ಲ ಊರಿನವರು ಬಿಸಿ ಸೂಪು, ಚಹಾ, ಕೇಕಿನ ತುಂಡು ಹಿಡಿದು ನಿಂತಿರುತ್ತಾರೆ. ಯಾರೆಂದು ಕೇಳದೆ ತಿನ್ನಿಸುವುದು, ಕತ್ತಲಲ್ಲಿ ದಾರಿ ತಪ್ಪದಂತೆ ಹೆಸರು ಹಿಡಿದೋ ಹಿಡಿಯದೆಯೋ ಕೂಗಿ ಹುರಿದುಂಬಿಸುವುದು. ದುಡ್ಡಿನ ಲೆಕ್ಕದಲ್ಲಿ ಗಟ್ಟಿಗರೆಂದು ಹೆಸರಾದ ಜನ ಅಂದು ಲೆಕ್ಕ ಮರೆಯುತ್ತಾರೆ.

ಆ 1997ರದ್ದೇ ಕೊನೆಯದು. ಅದು ಹದಿನೈದನೆಯ ಪಯಣ. ಹದಿನಾರನೆಯದು ಇನ್ನೂ ಬಂದಿಲ್ಲ. ಹಿಂದೆ 1963ರಿಂದ 1985ರವರೆಗೆ 22 ವರ್ಷ ಕಾದದ್ದೇ ದೀರ್ಘ ಅಂತರವಾಗಿತ್ತು, ಈಗಿನ ಕಾಯುವಿಕೆ ಅದನ್ನು ಎಂದೋ ಮೀರಿದೆ. ದಾರಿಯಿಡೀ 15 ಸೆಂಟಿಮೀಟರ್ ದಪ್ಪ ಐಸ್ ಕಟ್ಟಬೇಕೆಂಬುದು ನಿಯಮ. 2012ರಲ್ಲಿ ದೇಶವೇ ಉಸಿರು ಬಿಗಿಹಿಡಿದು ಕೂತಿತ್ತು. ಫೆಬ್ರವರಿ 8ರಂದು, ದಕ್ಷಿಣದ ಕಡೆ ಐಸ್ ಸಾಲದು, ಈ ಸಲವೂ ಇಲ್ಲ ಎಂದು ಘೋಷಣೆಯಾಯಿತು. ಮರುದಿನ ಕಚೇರಿಗಳಲ್ಲಿ ಸ್ಕೇಟಿಂಗ್ ಬಾರದವರ ಮುಖವೂ ಸಪ್ಪೆಯಾಗಿತ್ತು.

ಚಳಿ ಹೀಗೆ ಹಿಂಜರಿದ ಲೆಕ್ಕ ಇಟ್ಟಿರುವ ಡಚ್ಚರ ಹವಾಮಾನ ಸಂಸ್ಥೆ ಡೆ ಬಿಲ್ಟ್ ಊರಿನಲ್ಲಿದೆ, 1854ರಲ್ಲಿ ಸ್ಥಾಪನೆಯಾದದ್ದು. ಥರ್ಮಾಮೀಟರ್ ಅಳತೆ ಇಲ್ಲದಷ್ಟು ಹಿಂದಿನ ಚಳಿಗಾಲಗಳನ್ನು ತಿಳಿಯಲು ಅಲ್ಲಿನ ವಿಜ್ಞಾನಿಗಳು ಹಿಡಿದ ದಾರಿ ನನಗೆ ಬಹಳ ಇಷ್ಟ. ಹದಿನೇಳನೆಯ ಶತಮಾನದಿಂದ ಹಾರ್ಲೆಮ್ ಕಡೆಯ ಕಾಲುವೆಗಳಲ್ಲಿ ಕುದುರೆ ಎಳೆಯುವ ಪ್ರಯಾಣಿಕ ದೋಣಿಗಳು ದಿನವೂ ಓಡುತ್ತಿದ್ದವು. ಯಾವ ದಿನ ಐಸಿನಿಂದ ದೋಣಿ ನಿಂತಿತು ಎಂದು ಲೆಕ್ಕದ ಪುಸ್ತಕ ಹೇಳುತ್ತದೆ. ದೋಣಿ ನಿಂತ ದಿನಗಳನ್ನು ಎಣಿಸಿ 1634ರಿಂದೀಚಿನ ಚಳಿಗಾಲಗಳ ಕಥೆ ಕಟ್ಟಿದರು. ಆದಾಯವಿಲ್ಲ ಎಂದು ಗುಮಾಸ್ತ ಬೇಸರದಿಂದ ಗುರುತು ಹಾಕಿದ ಒಂದೊಂದು ದಿನವೂ ಐಸಿನ ಮೇಲೆ ಯಾರೋ ಒಲೆ ಹಚ್ಚಿದ ದಿನವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಈಚೆಗೆ ಆ ದೇಶದ ಸರಾಸರಿ ಉಷ್ಣತೆ ಎರಡು ಡಿಗ್ರಿಗೂ ಹೆಚ್ಚು ಏರಿದೆ. ಎರಡು ಡಿಗ್ರಿ ಬೇಸಿಗೆಯಲ್ಲಿ ಮೈಗೆ ತಿಳಿಯುವುದಿಲ್ಲ. ಶೂನ್ಯದ ಅಂಚಿನಲ್ಲಿ ನಿಂತ ನೀರಿಗೆ ಅದು ಕಟ್ಟುವುದಕ್ಕೂ ಕಟ್ಟದಿರುವುದಕ್ಕೂ ಇರುವ ಅಂತರ.

ಸ್ಕೇಟಿಂಗ್ ಸತ್ತಿಲ್ಲ, ಅದು ಒಳಗೆ ಸೇರಿಕೊಂಡಿದೆ. ಹೀರನ್‌ವೇನ್‌ನ ಥಿಯಾಲ್ಫ್ ಕ್ರೀಡಾಂಗಣ 1986ರಿಂದ ಸೂರಿನಡಿ ಇದೆ, ಯಂತ್ರ ಕಟ್ಟಿಸುವ ಐಸಿನ ಮೇಲೆ ಅಲ್ಲಿ ದಾಖಲೆಗಳಾಗುತ್ತವೆ. ಹನ್ನೊಂದು ಊರುಗಳ ಆಸೆ ತೀರದವರು ಆಸ್ಟ್ರಿಯಾದ ವೈಸೆನ್‌ಸೇ ಸರೋವರಕ್ಕೆ ಹೋಗಿ 200 ಕಿಲೋಮೀಟರ್ ಸುತ್ತಿ ಬರುತ್ತಾರೆ, 1989ರಿಂದ. ಊರಲ್ಲೇ ಉಳಿದ ಕ್ಲಬ್ಬುಗಳು ಚಳಿ ಬೀಳುವ ಸೂಚನೆ ಸಿಕ್ಕ ರಾತ್ರಿ ಡಾಂಬರು ಅಂಗಳಕ್ಕೆ ತೆಳ್ಳಗೆ ನೀರು ಸಿಂಪಡಿಸುತ್ತ ಪದರದ ಮೇಲೆ ಪದರ ಐಸ್ ಬೆಳೆಸುತ್ತವೆ. ವಿಂಟರ್ಸ್‌ವೈಕ್, ನೋರ್ಡ್‌ಲಾರನ್, ಹಾಕ್ಸ್‌ಬರ್ಗನ್ ಊರುಗಳು ಆ ವರ್ಷದ ಮೊದಲ ನೈಸರ್ಗಿಕ ಐಸ್ ಮ್ಯಾರಥಾನ್ ತಮ್ಮಲ್ಲೇ ಆಗಲಿ ಎಂದು ರಾತ್ರಿಯಿಡೀ ಪೈಪು ಹಿಡಿದು ನಿಲ್ಲುತ್ತವೆ. ಮೂರು ಸೆಂಟಿಮೀಟರ್ ಸಾಕು. ಆ ಹಟವನ್ನು ನಾನು ಕೈಮುಗಿದು ಗೌರವಿಸುತ್ತೇನೆ.

ಸ್ನರ್ಟ್ ಕೂಡ ಸತ್ತಿಲ್ಲ. ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಡಬ್ಬಿಗಳ ಸಾಲಿದೆ. ಹೊಸ ವರ್ಷದ ದಿನ ಸ್ಖೇವೆನಿಂಗನ್ ಕಡಲಿಗೆ ಸಾವಿರಾರು ಜನ ಕಿತ್ತಳೆ ಟೋಪಿ ಹಾಕಿ ಧುಮುಕಿ, ನಡುಗುತ್ತ ಬಂದು ಒಂದು ಕಪ್ ಬಟಾಣಿ ಸೂಪು ಕುಡಿಯುತ್ತಾರೆ. ಕ್ರಿಸ್ಮಸ್ ಸಂತೆಗಳಲ್ಲಿ ಪಾರ್ಕಿಂಗ್ ಜಾಗದ ಮೇಲೆ ಪ್ಲಾಸ್ಟಿಕ್ ಬೇಲಿ ಕಟ್ಟಿ, ಯಂತ್ರದ ಐಸ್ ಹಾಸಿ, ಪಕ್ಕದ ಗೂಡಂಗಡಿಗೆ ಕೂಕ್-ಎನ್-ಝೋಪಿ ಎಂದು ಬೋರ್ಡು ಬರೆದಿರುತ್ತಾರೆ. ಅಲ್ಲಿ ಮಾರುವುದು ಜರ್ಮನ್ ಗ್ಲೂವೈನ್, ಕರಿದ ಬಿಟರ್‌ಬಾಲನ್. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಮಕ್ಕಳು ನಗುತ್ತಾರೆ, ಒಳ್ಳೆಯದೇ. ಆದರೆ ಟಿಕೆಟ್ ಕೊಂಡು ಒಳಗೆ ಹೋಗುವ ಕಡೆ ಆ ಹಳೆಯ ಅಂಗಡಿ ಇಲ್ಲ. ಎದುರು ಮನೆಯವನ ಹೆಸರು ವರ್ಷಗಟ್ಟಲೆ ತಿಳಿಯದೆ ಬದುಕುವ ಜನ ಅವರು, ಪರದೆ ತೆರೆದಿಟ್ಟರೂ ಬಾಗಿಲು ಮುಚ್ಚಿಕೊಂಡವರು. ಐಸ್ ಕಟ್ಟಿದ ಆ ನಾಲ್ಕು ದಿನ ಮಾತ್ರ ಬೆಂಚಿನಲ್ಲಿ ಪಕ್ಕ ಕೂತವನು ಯಾರಾದರೂ ಸರಿ, ಎಲ್ಲಿಂದ ಬಂದೆ, ಆ ಕಡೆ ಐಸ್ ಹೇಗಿದೆ, ಸೂಪು ಕುಡಿದೆಯಾ ಎಂದು ಕೇಳುತ್ತಾರೆ. ನನ್ನ ಬಣ್ಣ ನೋಡಿ ಎಲ್ಲಿಯವನು ಎಂದು ಕೇಳದೆ, ಎಲ್ಲಿಂದ ಸ್ಕೇಟ್ ಮಾಡಿಕೊಂಡು ಬಂದೆ ಎಂದು ಕೇಳಿದ್ದು ಆ ದೇಶದಲ್ಲಿ ಆ ಬೆಂಚಿನ ಮೇಲೆ ಮಾತ್ರ.

2021ರ ಫೆಬ್ರವರಿಯಲ್ಲಿ ಐಸ್ ಮತ್ತೆ ಬಂತು. ಹಿಮ ಬಿದ್ದು, ಆಮೇಲೆ ಬಿಸಿಲು ಮೂಡಿ, ಕೆರೆಗಳೆಲ್ಲ ಕಟ್ಟಿದವು. ಆದರೆ ಅದು ಕೋವಿಡ್ ಕಾಲ. ಜನ ಗುಂಪು ಸೇರಬಾರದೆಂದು ಕೂಕ್-ಎನ್-ಝೋಪಿಗೆ ಅನುಮತಿ ಸಿಗಲಿಲ್ಲ. ಎಲ್ಲರೂ ಬೆನ್ನಚೀಲದಲ್ಲಿ ತಂತಮ್ಮ ಫ್ಲಾಸ್ಕ್ ಹೊತ್ತು ಬಂದರು, ದಡದಲ್ಲಿ ದೂರ ದೂರ ಕೂತು ತಂತಮ್ಮ ಲೋಟಕ್ಕೆ ಸುರಿದುಕೊಂಡರು. ಅದೇ ಸೂಪು, ಅದೇ ಐಸು. ನಡುವೆ ಒಲೆಯಿರಲಿಲ್ಲ. ವರ್ಷಗಟ್ಟಲೆ ಕಾದ ಹಿರಿಯರು ಎಷ್ಟು ಜನ ಆ ವಾರವನ್ನು ತಮ್ಮ ಕೊನೆಯ ಐಸ್ ಎಂದುಕೊಂಡರೋ. ಈ ಅಂಗಡಿ ನಡೆಯುವುದೇ ಅಂಥ ಹಿರಿಯರ ಕೈಯಿಂದ. ಹಲಗೆ ಎಲ್ಲಿದೆ, ದೊಡ್ಡ ಪಾತ್ರೆ ಯಾರ ಕೊಟ್ಟಿಗೆಯಲ್ಲಿದೆ, ಎಷ್ಟು ಜನಕ್ಕೆ ಎಷ್ಟು ಬಟಾಣಿ ನೆನೆಹಾಕಬೇಕು, ಐಸಿನ ಯಾವ ಸದ್ದಿಗೆ ಹೆದರಬೇಕು ಯಾವುದಕ್ಕೆ ಹೆದರಬೇಕಿಲ್ಲ ಎಂಬುದೆಲ್ಲ ಅವರ ತಲೆಯಲ್ಲಿದೆ. ಐದೋ ಆರೋ ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಮುಂದಿನವರಿಗೆ ಕಲಿಸುವುದು ಸುಲಭವಲ್ಲ. ಮಧ್ಯೆ ಎರಡು ಸಲ ತಪ್ಪಿದರೆ ಕಲಿಸುವವರೇ ಇರುವುದಿಲ್ಲ.

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ಈಗ ಕನ್ನಡದ ಮನೆಗಳು ಸಾಕಷ್ಟಿವೆ. ಯುಗಾದಿ, ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿದು ಹೋಳಿಗೆ ಬಡಿಸುವ ಶ್ರದ್ಧೆ ಅವರಿಗಿದೆ. ಅವರಿಗೂ, ಚಳಿಗಾಲದಲ್ಲಿ ಆ ಕಡೆ ಹೋಗುವ ನಿಮಗೂ ನನ್ನದೊಂದು ಬೇಡಿಕೆ. ಜನವರಿ, ಫೆಬ್ರವರಿಯಲ್ಲಿ ಅಲ್ಲಿದ್ದು, ನಾಲ್ಕಾರು ರಾತ್ರಿ ಸತತ ಶೂನ್ಯಕ್ಕಿಂತ ಕೆಳಗೆ ಎಂದು ಹವಾಮಾನ ವರದಿ ಹೇಳಿದರೆ, ಕಾಯ್ದಿರಿಸಿದ ಟಿಕೆಟ್ ಹೋದರೂ ಚಿಂತೆಯಿಲ್ಲ, ಕೆರೆಯಿರುವ ಹಳ್ಳಿಗೆ ರೈಲೋ ಬಸ್ಸೋ ಹಿಡಿಯಿರಿ. ಸ್ಥಳೀಯರು ಕಾಲಿಡದ ಐಸಿನ ಮೇಲೆ ನೀವೂ ಕಾಲಿಡಬೇಡಿ. ಜೇಬಿನಲ್ಲಿ ಚಿಲ್ಲರೆ ಇರಲಿ, ಮೊದಲು ಗುಡಿಸುವವರ ಡಬ್ಬಿಗೆ ಹಾಕಿ. ಮಾಂಸ ತಿನ್ನುವವರಾದರೆ ಸ್ನರ್ಟ್ ಕುಡಿಯಿರಿ. ಚಾಕೊಲೇಟ್ ಹಾಲು ಎಲ್ಲೆಡೆ ಸಿಗುತ್ತದೆ, ಅದನ್ನು ಬಿಡಿ. ಒಲೆಯ ಹಿಂದೆ ನಿಂತ ಹಿರಿಯರನ್ನು ಸೋಂಪಿನ ಹಾಲು ಇದೆಯೇ ಎಂದು ಕೇಳಿ. ಇಲ್ಲವೆಂದರೂ ಪರವಾಗಿಲ್ಲ, ಕೇಳಿ. ಕೇಳುವವರಿದ್ದಾರೆಂದು ಗೊತ್ತಾದರೆ ಮುಂದಿನ ಸಲ ಐಸ್ ಕಟ್ಟಿದಾಗ ಅವರು ಸೋಂಪು ತಂದಿಟ್ಟುಕೊಳ್ಳುತ್ತಾರೆ.